ಸಂಡೂರಿನ ಗುಡ್ಡದಲ್ಲಿ ಹಾರುಬೆಕ್ಕು ಇದೆಯೇ?

ಪ್ರಶ್ನೆ: ನಮ್ಮ ಊರು ಸಂಡೂರು ತಾಲ್ಲೂಕಿನ ಗುಡ್ಡದ ಬುಡದಲ್ಲಿದೆ. ಕಳೆದ ತಿಂಗಳು ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋದಾಗ, ಹಣ್ಣು ಬಿಟ್ಟ ಆಲದ ಮರದಿಂದ ಬೆಕ್ಕಿನಷ್ಟು ದೊಡ್ಡದಾದ ಪ್ರಾಣಿಯೊಂದು ಹಾರಿಹೋಯಿತು. ಹಿಂದೆ ಈ ಗುಡ್ಡಗಳಲ್ಲಿ ಹಾರುಬೆಕ್ಕುಗಳಿದ್ದವು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನಾನು ಕಂಡದ್ದು ಅದೇ ಇರಬಹುದೇ? ಅದು ಅಳಿವಿನಂಚಿನಲ್ಲಿದೆಯೇ?

ಉತ್ತರ: ನೀವು ಕಂಡ ಪ್ರಾಣಿ ರೆಕ್ಕೆ ಬಡಿಯಿತೇ? ಎಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿದೆ. ಬಡಿದಿದ್ದರೆ ಅದು ದೊಡ್ಡ ಬಾವಲಿ. ಆಲ, ಅತ್ತಿ ಹಣ್ಣಾದಾಗ ಬಾವಲಿಗಳು ರಾತ್ರಿಯಿಡೀ ಬಂದುಹೋಗುತ್ತವೆ. ರೆಕ್ಕೆ ಬಿಚ್ಚಿದರೆ ಒಂದು ಮೀಟರ್‌ಗೂ ಹೆಚ್ಚು ಅಗಲ. ಕತ್ತಲಲ್ಲಿ ಎಂಥವರಿಗೂ ಬೆಕ್ಕು ಹಾರಿದಂತೆಯೇ ಕಾಣುತ್ತದೆ. ನಿಮ್ಮ ವಿವರಣೆ ಓದಿದಾಗ ನನಗೆ ಮೊದಲು ಅನ್ನಿಸಿದ್ದೂ ಬಾವಲಿಯೇ.

ಹಾರುಬೆಕ್ಕು ಬೆಕ್ಕಲ್ಲ, ಅಳಿಲು. ಅದಕ್ಕೆ ರೆಕ್ಕೆಯೂ ಇಲ್ಲ. ಮುಂಗಾಲಿನ ಮಣಿಕಟ್ಟಿನಿಂದ ಹಿಂಗಾಲಿನವರೆಗೆ ತುಪ್ಪಳವುಳ್ಳ ಚರ್ಮದ ಪದರವಿದೆ. ಮರದ ತುದಿಯಿಂದ ಜಿಗಿದು ನಾಲ್ಕೂ ಕಾಲು ಚಾಚಿದರೆ ಆ ಪದರ ಬಿಗಿಯಾಗಿ, ಅದು ಹಾಸಿದ ಟವೆಲ್‌ನಂತೆ ಗಾಳಿಯಲ್ಲಿ ಜಾರುತ್ತದೆ. ಐವತ್ತು ಮೀಟರ್‌ ಆಚೆಯ ಮರವನ್ನೂ ಮುಟ್ಟಬಲ್ಲದು, ಆದರೆ ಹೊರಟ ಎತ್ತರಕ್ಕಿಂತ ಕೆಳಗೇ ಇಳಿಯುತ್ತದೆ. ಮತ್ತೊಂದು ಮರದ ಕಾಂಡವನ್ನು ತಬ್ಬಿ, ಸರಸರನೆ ಮೇಲೇರಿ, ಮತ್ತೆ ಜಿಗಿಯುತ್ತದೆ. ಮಲೆನಾಡಿನ ಕಾಡಂಚಿನಲ್ಲಿ ಮುಸ್ಸಂಜೆಯ ಹೊತ್ತು ಇದನ್ನು ಮೊದಲ ಬಾರಿ ಕಂಡಾಗ ನಾನು ಬಹಳ ಹೊತ್ತು ನಿಂತಲ್ಲಿಂದ ಕದಲಲಿಲ್ಲ.

ನಮ್ಮ ರಾಜ್ಯದಲ್ಲಿ ಇದರ ಮುಖ್ಯ ನೆಲೆ ಪಶ್ಚಿಮ ಘಟ್ಟ. ಹಾಗೆಂದು ಅಜ್ಜನ ಮಾತನ್ನು ತಳ್ಳಿಹಾಕಬೇಡಿ. ಹಾರುಬೆಕ್ಕಿಗೆ ಮಳೆಕಾಡೇ ಬೇಕೆಂಬುದು ತಪ್ಪು ತಿಳಿವಳಿಕೆ. ರಾಜಸ್ಥಾನದ ಸೀತಾಮಾತಾ ಅಭಯಾರಣ್ಯದ ಒಣ ಕಾಡಿನಲ್ಲಿ, ಹಿಪ್ಪೆ ಮರಗಳ ನಡುವೆ ಅದು ಬದುಕುತ್ತಿದೆ. ಅದಕ್ಕೆ ಬೇಕಾದದ್ದು ಹಗಲು ಮಲಗಲು, ಮರಿ ಹಾಕಲು ಪೊಟರೆಯಿರುವ ಹಳೆಯ ಮರ, ಮತ್ತು ನೆಲಕ್ಕಿಳಿಯದೆ ಜಾರಿ ಹೋಗುವಷ್ಟು ಹತ್ತಿರದಲ್ಲಿ ಇನ್ನೊಂದು ಎತ್ತರದ ಮರ. ಸಾಮಾನ್ಯವಾಗಿ ಹಾಕುವುದು ಒಂದೇ ಮರಿ, ಹಾಗಾಗಿ ಒಮ್ಮೆ ಕಳೆದುಕೊಂಡ ಜಾಗವನ್ನು ಬೇಗ ತುಂಬಿಕೊಳ್ಳುವ ಪ್ರಾಣಿಯೂ ಅಲ್ಲ.

ಅಳಿವಿನ ಪ್ರಶ್ನೆಗೆ ಬರುತ್ತೇನೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಜೀವಿಗಳ ಅಳಿವಿನ ಅಪಾಯವನ್ನು ಅಳೆದು ಮಾಡುವ ಕೆಂಪು ಪಟ್ಟಿಯಲ್ಲಿ ನಮ್ಮ ದೊಡ್ಡ ಹಾರುಬೆಕ್ಕು ‘ಕಡಿಮೆ ಆತಂಕ’ದ ವರ್ಗದಲ್ಲಿದೆ. ಅದರ ಬಂಧುಗಳೆಲ್ಲ ಅಷ್ಟು ಅದೃಷ್ಟವಂತರಲ್ಲ. ಘಟ್ಟದ ಚಿಕ್ಕ ತಿರುವಾಂಕೂರು ಹಾರುವ ಅಳಿಲು ನಶಿಸಿಯೇ ಹೋಯಿತೆಂದುಕೊಂಡಿದ್ದಾಗ, 1989ರಲ್ಲಿ ಕೇರಳದಲ್ಲಿ ಮತ್ತೆ ಪತ್ತೆಯಾಯಿತು. ಅರುಣಾಚಲದ ನಾಮ್‌ದಫಾ ಹಾರುವ ಅಳಿಲು 1981ರಲ್ಲಿ ಸಿಕ್ಕ ಒಂದೇ ಮಾದರಿಯಿಂದ ವಿಜ್ಞಾನಕ್ಕೆ ಪರಿಚಯವಾದದ್ದು. ಅದು ಅತಿ ಗಂಭೀರ ಅಪಾಯದಲ್ಲಿದೆ.

ಆದರೆ ‘ಕಡಿಮೆ ಆತಂಕ’ ಎಂಬುದು ಏಷ್ಯಾದುದ್ದಕ್ಕೂ ನೋಡಿ ಹೇಳಿದ ಮಾತು. ಒಂದು ಗುಡ್ಡಸಾಲಿನಿಂದ ಪ್ರಾಣಿ ಮಾಯವಾದರೂ ಆ ಪಟ್ಟಿಯಲ್ಲಿ ಅಕ್ಷರ ಬದಲಾಗುವುದಿಲ್ಲ. ಸಂಡೂರಿನ ಕಾಡು ಕಬ್ಬಿಣ, ಮ್ಯಾಂಗನೀಸ್ ಅದಿರಿಗಾಗಿ ಎಷ್ಟು ನಾಶವಾಗಿದೆ ಎಂಬುದನ್ನು ನಿಮ್ಮ ಊರಿನವರಿಗೆ ನಾನು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಿಕ ನೆಲದ ಪುನಶ್ಚೇತನದ ಷರತ್ತಿನೊಂದಿಗೆ ಅದು ಮತ್ತೆ ಶುರುವಾಯಿತು. ಸಸಿ ನೆಡಲಿ, ಬೇಡವೆನ್ನುವುದಿಲ್ಲ. ಆದರೆ ಪೊಟರೆಯನ್ನು ನೆಡಲು ಬರುವುದಿಲ್ಲ. ಕೊಂಬೆ ಮುರಿದು, ಒಳತಿರುಳು ಕೊಳೆತು ಮರದಲ್ಲಿ ಅದೊಂದು ಗೂಡಾಗಲು ಹಲವು ದಶಕಗಳು ಬೇಕು. ಟೊಳ್ಳಾಗಿದೆ, ಕೆಲಸಕ್ಕೆ ಬಾರದು ಎಂದು ನಾವು ಮೊದಲು ಕಡಿಯುವುದೇ ಆ ಮರವನ್ನು. ಹೊಲದ ಬದುವಿನಲ್ಲಿ ಅಂಥದ್ದಿದ್ದರೆ ದಯವಿಟ್ಟು ಉಳಿಸಿ. ಹಾರುಬೆಕ್ಕು ಬಾರದಿದ್ದರೂ ಗೂಬೆ, ಗಿಳಿಗಳಿಗೆ ಅದು ಮನೆ.

ಮುಂದಿನ ಸಲ ಆಲ ಹಣ್ಣಾದಾಗ ಸಂಜೆಯಿಂದಲೇ ಕಾದು ನೋಡಿ. ಟಾರ್ಚಿನ ಗಾಜಿಗೆ ಕೆಂಪು ಹಾಳೆ ಕಟ್ಟಿಕೊಂಡರೆ ಪ್ರಾಣಿ ಅಷ್ಟಾಗಿ ಬೆದರುವುದಿಲ್ಲ. ಅದು ಕಾಂಡವನ್ನು ತಬ್ಬಿ ಮೇಲೇರಿದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ, ನನಗೂ ಬರೆಯಿರಿ. ಅಜ್ಜ ಯಾವ ಹಳ್ಳ, ಯಾವ ಮರ ಎಂದು ಹೇಳಿದ್ದು ನೆನಪಿದ್ದರೆ ಅದನ್ನೂ ಬರೆಯಿರಿ.