‘ಜೇನ್ ಏರ್’ ಓದಿದವರು ‘ರೆಬೆಕಾ’ ಓದಬೇಕೇ?

‘ಜೇನ್ ಏರ್’ ಓದಿದ್ದೇನೆ, ‘ರೆಬೆಕಾ’ದಲ್ಲೂ ಅದೇ ಕಥೆಯಂತೆ, ಮತ್ತೇಕೆ ಓದಬೇಕು ಎಂದು ಕೇಳಿದ್ದೀರಿ. ಖಂಡಿತ ಓದಿ. ಹಂದರ ಒಂದೇ ಎಂಬುದು ನಿಜ: ದೊಡ್ಡ ಬಂಗಲೆ, ಬಡ ಹುಡುಗಿ, ವಯಸ್ಸಿನಲ್ಲಿ ಬಹಳ ಹಿರಿಯನಾದ ಸಿರಿವಂತ, ಅವನ ಮೊದಲ ಹೆಂಡತಿ. ಆದರೆ 1847ರ ‘ಜೇನ್ ಏರ್’ ಕಾದಂಬರಿಯಲ್ಲಿ ಆ ಹೆಂಡತಿ ಮಹಡಿಯ ಕೋಣೆಯಲ್ಲಿ ಬದುಕಿದ್ದಾಳೆ. ಡ್ಯಾಫ್ನಿ ಡು ಮೊರಿಯೇ ಬರೆದ ‘ರೆಬೆಕಾ’ದಲ್ಲಿ (1938) ಅವಳು ಸತ್ತಿದ್ದಾಳೆ, ಆದರೂ ಮನೆಯ ಯಜಮಾನಿ ಅವಳೇ. ಹೊಸ ಹೆಂಡತಿಗೆ ಕಾದಂಬರಿಯುದ್ದಕ್ಕೂ ಹೆಸರೇ ಇಲ್ಲ. ಪಿಂಗಾಣಿ ಗೊಂಬೆಯೊಂದು ಕೈತಪ್ಪಿ ಒಡೆದಾಗ ಅವಳು ಅದರ ಚೂರುಗಳನ್ನು ಮೇಜಿನ ಡ್ರಾಯರಿನಲ್ಲಿ ಬಚ್ಚಿಡುತ್ತಾಳೆ, ಅದೂ ತನ್ನದೇ ಮನೆಯಲ್ಲಿ! ಕದ್ದ ಆರೋಪ ಕೆಲಸದವನ ತಲೆಗೆ ಬರುತ್ತದೆ. ದೆವ್ವವಿಲ್ಲದೆ ಹೆದರಿಸುವುದೆಂದರೆ ಇದು. ಗಂಡನ ಮನೆಗೆ ಹೊಸದಾಗಿ ಕಾಲಿಟ್ಟವಳ ಈ ಅಳುಕಿನಿಂದಲೇ ಇಂಥ ಕಾದಂಬರಿಗಳು ಇನ್ನೂ ಓದಿಸಿಕೊಳ್ಳುತ್ತವೆ ಎಂಬುದು ನನ್ನ ನಂಬಿಕೆ.

ಬಳಿಕ ಜೀನ್ ರೀಸ್ ಅವರ ‘ವೈಡ್ ಸರ್ಗಾಸೋ ಸೀ’ (1966) ಕೈಗೆತ್ತಿಕೊಳ್ಳಿ. ಅದು ಮಹಡಿಯಲ್ಲಿ ಕೂಡಿಹಾಕಿದ ಆ ಹೆಂಡತಿಯದೇ ಕಥೆ, ಜಮೈಕಾದ ಬಾಲ್ಯದಿಂದ ಶುರುವಾಗುತ್ತದೆ. ಕೆರಿಬಿಯನ್ನಿನ ಡೊಮಿನಿಕಾದಲ್ಲೇ ಹುಟ್ಟಿದ ರೀಸ್ ಅವಳಿಗೆ ದನಿ ಕೊಟ್ಟ ಮೇಲೆ, ಅವಳ ಗಂಡನಾದ ‘ಜೇನ್ ಏರ್’ನ ಸಿರಿವಂತ ರಾಚೆಸ್ಟರ್‌ನನ್ನು ಮೊದಲಿನಂತೆ ಮೆಚ್ಚಲು ನನಗಂತೂ ಸಾಧ್ಯವಾಗಿಲ್ಲ.