ಫೆಂಟನಿಲ್ ಪ್ಯಾಚ್: ಮೊದಲ ರಾತ್ರಿ ನೋವು, ಮೂರನೇ ದಿನ ಮಂಪರು ಏಕೆ?

ಪ್ರಶ್ನೆ: ನಮ್ಮವ್ವನಿಗೆ 64 ವರ್ಷ. ಸ್ತನ ಕ್ಯಾನ್ಸರ್ ಮೂಳೆಗೆ ಹಬ್ಬಿದೆ. ನೋವಿಗೆ ನಾಲ್ಕು ತಾಸಿಗೊಮ್ಮೆ 10 ಮಿ.ಗ್ರಾಂ. ಮಾರ್ಫಿನ್ ಮಾತ್ರೆ ಕೊಡುತ್ತಿದ್ದೆವು. ನುಂಗಲು ಕಷ್ಟವಾಗಿದ್ದಕ್ಕೆ ವೈದ್ಯರು ಮಾತ್ರೆ ಬದಲಿಗೆ ಚರ್ಮಕ್ಕೆ ಅಂಟಿಸುವ 25ರ (ಗಂಟೆಗೆ 25 ಮೈಕ್ರೋಗ್ರಾಂ) ಫೆಂಟನಿಲ್ ಪ್ಯಾಚ್ ಬರೆದರು. ಹಚ್ಚಿದ ದಿನ ರಾತ್ರಿಯೆಲ್ಲ ನರಳಿದಳು. ಮೂರನೇ ದಿನ ಮಧ್ಯಾಹ್ನ ಕೂಗಿದರೂ ಕಣ್ಣು ಬಿಡಲಿಲ್ಲ, ಸಂಜೆ ಸರಿಹೋದಳು. ನಮ್ಮದು ತಗಡಿನ ಮನೆ. ಪ್ಯಾಚ್ ಖೊಟ್ಟಿ ಇರಬಹುದೇ?
– ಓದುಗರು, ಸಿಂಧನೂರು

ಉತ್ತರ: ಖೊಟ್ಟಿ ಇರಲಿಕ್ಕಿಲ್ಲ. ಆದರೆ ಕೂಗಿದರೂ ಏಳದಿದ್ದುದನ್ನು ಸಂಜೆ ಸರಿಹೋಯಿತೆಂದು ಬಿಡಬೇಡಿ, ಇಂದೇ ವೈದ್ಯರಿಗೆ ತಿಳಿಸಿ.

ಮಾರ್ಫಿನ್, ಫೆಂಟನಿಲ್ ಎರಡೂ ನರಕೋಶಗಳ ಮೇಲಿನ 'ಮ್ಯೂ' ಗ್ರಾಹಕಗಳಿಗೆ, ಅಂದರೆ ಇಂಥ ಔಷಧ ಬಂದು ಕೂರುವ ತಾಣಗಳಿಗೆ, ಅಂಟಿಕೊಳ್ಳುತ್ತವೆ. ಆಗ ಕೋಶದೊಳಕ್ಕೆ ಕ್ಯಾಲ್ಸಿಯಂ ಬರುವುದು ಕಡಿಮೆಯಾಗಿ, ನೋವಿನ ಸುದ್ದಿ ಒಯ್ಯುವ ರಾಸಾಯನಿಕಗಳು ಹೊರಬೀಳುವುದಿಲ್ಲ. ಇದೇ ಗ್ರಾಹಕಗಳು ಉಸಿರಾಟ ನಡೆಸುವ ಮೆದುಳಿನ ಭಾಗದಲ್ಲೂ ಕರುಳಿನಲ್ಲೂ ಇವೆ. ಔಷಧ ಹೆಚ್ಚಾದರೆ ಉಸಿರು ನಿಧಾನವಾಗುವುದಕ್ಕೆ, ಅಳತೆಯಲ್ಲಿದ್ದರೂ ಮಲಬದ್ಧತೆ ಆಗುವುದಕ್ಕೆ ಇದೇ ಕಾರಣ.

ಪ್ಯಾಚಿನ ಔಷಧ ನೇರವಾಗಿ ರಕ್ತಕ್ಕೆ ಹೋಗುವುದಿಲ್ಲ. ಮೊದಲು ಅದರ ಕೆಳಗಿನ ಚರ್ಮದಲ್ಲಿ ಶೇಖರವಾಗುತ್ತದೆ. ಪೂರ್ತಿ ಪರಿಣಾಮ ಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಆದ್ದರಿಂದ ಮೊದಲ 12 ಗಂಟೆ ಹಳೆಯ ಮಾರ್ಫಿನ್ ಮುಂದುವರಿಸುವುದು ರೂಢಿ. ನಿಮ್ಮಲ್ಲಿ ಅದು ತಪ್ಪಿದಂತಿದೆ. ಸಾಮಾನ್ಯ ಮಾತ್ರೆಯಾದರೆ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬಹುದು. ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಯನ್ನು ಮಾತ್ರ ಪುಡಿ ಮಾಡಲೇಬಾರದು: 12 ಗಂಟೆಗೆ ಹಂಚಿಕೆಯಾಗಬೇಕಾದ ಔಷಧ ಒಮ್ಮೆಗೇ ರಕ್ತಕ್ಕಿಳಿಯುತ್ತದೆ.

ಮಧ್ಯಾಹ್ನದ ಮಂಪರಿಗೆ ತಗಡಿನ ಕಾವಿನ ಮೇಲೆಯೇ ಮೊದಲ ಅನುಮಾನ. ಚರ್ಮ ಬಿಸಿಯಾದರೆ ರಕ್ತನಾಳ ಹಿಗ್ಗಿ, ಔಷಧ ಬೇಗ ಬೇಗ ಒಳಗೆ ಹೋಗುತ್ತದೆ. ಮೈಕಾವು 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ಮುಟ್ಟಿದರೆ ರಕ್ತದಲ್ಲಿನ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಬಹುದೆಂಬ ಲೆಕ್ಕವಿದೆ. ರಾಯಚೂರು ಸೀಮೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಹಗಲು ಹೊತ್ತು ಮಂಚವನ್ನು ನೆರಳಿಗೆ, ಗಾಳಿಯಾಡುವಲ್ಲಿಗೆ ಹಾಕಿ. ಪ್ಯಾಚಿನ ಮೇಲೆ ಬಿಸಿನೀರು, ಶಾಖ ಬೇಡ. ಜ್ವರ ಬಂದರೆ ಇಳಿಸಿ, ವೈದ್ಯರಿಗೂ ಹೇಳಿ. ಫ್ಲುಕೊನಜೋಲ್ (ಶಿಲೀಂಧ್ರ ಸೋಂಕಿನ ಔಷಧ), ಕ್ಲಾರಿಥ್ರೋಮೈಸಿನ್ (ಆ್ಯಂಟಿಬಯಾಟಿಕ್) ಏನಾದರೂ ನಡೆಯುತ್ತಿದ್ದರೆ ಅದನ್ನೂ ತಿಳಿಸಿ. ಫೆಂಟನಿಲ್ ಕರಗಿಸುವ ಲಿವರಿನ ಕಿಣ್ವವನ್ನು ಇವು ತಡೆಯುವುದರಿಂದ ರಕ್ತದಲ್ಲಿ ಫೆಂಟನಿಲ್ ಏರುತ್ತದೆ.

ಹಚ್ಚುವ ಜಾಗವನ್ನು ಬರೀ ನೀರಿನಿಂದ ತೊಳೆದು ಒಣಗಿಸಿ; ಸೋಪು, ಎಣ್ಣೆ ಬೇಡ. ಅಂಗೈಯಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. 72 ಗಂಟೆಯ ನಂತರ ಹಳೆಯದನ್ನು ತೆಗೆದೇ ಹೊಸದನ್ನು ಬೇರೆ ಕಡೆ ಹಚ್ಚಿ. ಎರಡೂ ಮೈಮೇಲೆ ಉಳಿಯುವುದೇ ಮನೆಗಳಲ್ಲಿ ಆಗುವ ದೊಡ್ಡ ಅನಾಹುತ. ತೆಗೆದದ್ದರಲ್ಲೂ ಔಷಧ ಉಳಿದಿರುತ್ತದೆ, ಮಗುವಿನ ಜೀವ ತೆಗೆಯುವಷ್ಟು. ಅಂಟಿನ ಮಗ್ಗುಲು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಆಸ್ಪತ್ರೆಗೆ ಒಪ್ಪಿಸಿ.

ಎಬ್ಬಿಸಿದರೂ ಏಳದೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಪ್ಯಾಚ್ ಕಿತ್ತು 108ಕ್ಕೆ ಕರೆಮಾಡಿ. ಕಿತ್ತ ಮೇಲೂ ಚರ್ಮದಲ್ಲಿನ ದಾಸ್ತಾನು ಹರಿಯುತ್ತಲೇ ಇರುತ್ತದೆ. ರಕ್ತದಲ್ಲಿ ಅರ್ಧಕ್ಕಿಳಿಯಲು 17 ಗಂಟೆಯಾದರೂ ಬೇಕು, ಕೆಲವರಲ್ಲಿ ಒಂದು ದಿನವೇ. ಪ್ರತಿಮದ್ದಾದ ನಲೋಕ್ಸೋನ್ ಕೆಲಸ ಮಾಡುವುದು 30ರಿಂದ 90 ನಿಮಿಷ. ಹಾಗಾಗಿ ಒಂದು ಇಂಜೆಕ್ಷನ್‌ಗೆ ಎಚ್ಚರಾದರೆಂದು ಮನೆಗೆ ಕರೆತರಬೇಡಿ.

ಪ್ರಶ್ನೆ: ಅಪ್ಪನಿಗೆ ಕಿಡ್ನಿ ತೊಂದರೆ ಇದೆ. ಮಾರ್ಫಿನ್ ಶುರುವಾಗಿ ವಾರದೊಳಗೆ ಕೈಕಾಲು ಝಲ್ಲನೆ ಎಗರುತ್ತಿವೆ. ಪ್ರಮಾಣ ಹೆಚ್ಚಿಸಿಲ್ಲ.
– ಓದುಗರು, ಕುಷ್ಟಗಿ

ಉತ್ತರ: ಪ್ರಮಾಣ ಅಷ್ಟೇ ಇದ್ದರೂ ದೇಹದಲ್ಲಿ ಉಳಿಯುವುದು ಹೆಚ್ಚಿದೆ. ಲಿವರ್ ಮಾರ್ಫಿನ್‌ಗೆ ಗ್ಲುಕುರೋನಿಕ್ ಆಮ್ಲ ಜೋಡಿಸಿ ಎರಡು ವಸ್ತು ಮಾಡುತ್ತದೆ: ಎಂ6ಜಿ ನೋವು ತಗ್ಗಿಸುತ್ತದೆ, ಮಂಪರನ್ನೂ ತರುತ್ತದೆ, ಎಂ3ಜಿ ನೋವಿಗೆ ಉಪಯೋಗವಿಲ್ಲ, ನರಗಳನ್ನು ಕೆರಳಿಸುತ್ತದೆ. ಎರಡೂ ಹೊರಹೋಗಬೇಕಾದ್ದು ಮೂತ್ರದಲ್ಲಿ. ವಾಂತಿಭೇದಿಯಾಗಿ ಮೈಯಲ್ಲಿ ನೀರಿಳಿದರೆ ಇನ್ನಷ್ಟು ಕೂಡಿಬೀಳುತ್ತವೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆ ಮಾಡಿಸಿ, ಅಂದೇ ವೈದ್ಯರನ್ನು ಕಾಣಿ. ಡೋಸ್ ಇಳಿಸುವುದು, ನಡುವಿನ ಅಂತರ ಹೆಚ್ಚಿಸುವುದು ಅಥವಾ ಫೆಂಟನಿಲ್‌ಗೆ ಬದಲಿಸುವುದು ಅವರ ನಿರ್ಧಾರ. ಡೈಕ್ಲೋಫೆನಾಕ್ ಅಂಥ ನೋವಿನ ಗುಳಿಗೆಯನ್ನು ನೀವಾಗಿ ಸೇರಿಸಬೇಡಿ, ಇರುವ ಕಿಡ್ನಿಗೂ ಪೆಟ್ಟು.

ಪ್ರಶ್ನೆ: ಮಾರ್ಫಿನ್ ಮಲಬದ್ಧತೆಗೆ ಇಸಬಗೋಲು ಸಾಕೇ?
– ಓದುಗರು, ಸಿರುಗುಪ್ಪ

ಉತ್ತರ: ಬೇಡ. ಚಲನೆಯೇ ಮಂದವಾದ ಕರುಳಿನಲ್ಲಿ ಇಸಬಗೋಲು ಉಬ್ಬಿ ಕಟ್ಟಿಕೊಳ್ಳಬಹುದು, ನೀರು ಕಡಿಮೆ ಕುಡಿಯುವವರಲ್ಲಂತೂ ಖಂಡಿತ ಅಪಾಯ. ಕರುಳನ್ನು ಚುರುಕುಗೊಳಿಸುವ ಬಿಸಾಕೊಡಿಲ್ ಅಥವಾ ಸೆನ್ನಾ ಬೇಕು, ಅದೂ ಮಾರ್ಫಿನ್ ಶುರುವಾದ ದಿನದಿಂದಲೇ, ರಾತ್ರಿ ಮಲಗುವಾಗ. ವಾಕರಿಕೆ ಸಾಮಾನ್ಯವಾಗಿ ವಾರದೊಳಗೆ ಹೋಗುತ್ತದೆ. ಮಲಬದ್ಧತೆ ಹೋಗುವುದಿಲ್ಲ, ಮಾರ್ಫಿನ್ ನಡೆಯುವಷ್ಟು ದಿನವೂ ಈ ಗುಳಿಗೆ ನಡೆಯಬೇಕು.