ಪಿಯುಸಿ ಆಗಿ ಹನ್ನೊಂದು ವರ್ಷ, ಈಗ ಓದಬಹುದೇ?

ಪ್ರಶ್ನೆ: ಅಕ್ಕಾ, ಮಗಳಿಗೆ ಮೂರು ವರ್ಷ. ಹೊರಗೆ ಹೋಗಿ ಕಲಿಯುವಂತಿಲ್ಲ. ಮಕ್ಕಳ ಬೆಳವಣಿಗೆ ಬಗ್ಗೆ ಮನೆಯಲ್ಲೇ ಓದುವ ಕೋರ್ಸ್ ಇದೆಯೇ?
– ಓದುಗರು, ಶಿರಸಿ

ಉತ್ತರ: ಇದೆ ತಂಗಿ, ನಾನೇ ಓದಿದ್ದೇನೆ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ. ಪಿಯುಸಿ ಸಾಕು, ಕನಿಷ್ಠ ಒಂದು ವರ್ಷ. ಒಟ್ಟು 32 ಕ್ರೆಡಿಟ್, ಒಂದೊಂದಕ್ಕೆ 30 ಗಂಟೆ ಓದು. ಒಂದೇ ವರ್ಷದಲ್ಲಿ ಮುಗಿಸುವ ಲೆಕ್ಕ ಹಾಕಿದರೆ ದಿನಕ್ಕೆ ಎರಡೂವರೆ ಗಂಟೆ ದಾಟುತ್ತದೆ. ‘ಮನೆಯಲ್ಲೇ ಅಲ್ವಾ’ ಎಂದು ಹಗುರವಾಗಿ ತೆಗೆದುಕೊಳ್ಳಬೇಡ. ಕುಕ್ಕರ್ ಸೀಟಿ ಎಣಿಸುತ್ತಾ ಅಸೈನ್‌ಮೆಂಟ್ ಬರೆದವಳು ನಾನು. ಒಂದರ ಮೇಲೆ ಸಾರಿನ ಕಲೆಯೂ ಇತ್ತು! ಜೂನ್‌ನಲ್ಲಿ ಪರೀಕ್ಷೆ ತಪ್ಪಿದರೆ ಡಿಸೆಂಬರ್‌ನಲ್ಲಿ ಬರೆಯಬಹುದು.

ಇದರ ರುಚಿ ಇರುವುದು ಪ್ರಾಜೆಕ್ಟಿನಲ್ಲಿ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆಯ ಪ್ರಯೋಗ ಓದಿದ ಸಂಜೆ ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ಮಜ್ಜಿಗೆ ಹೊಯ್ದೆ. ನಾಲ್ಕು ವರ್ಷದ ಮಗ ‘ಎರಡೂ ಒಂದೇ’ ಎಂದ. ಅವನ ಕಣ್ಣೆದುರೇ ಒಂದನ್ನು ಉದ್ದ ಲೋಟಕ್ಕೆ ಸುರಿದೆ. ‘ಇದ್ರಲ್ಲೇ ಜಾಸ್ತಿ!’ ಅಂದುಬಿಟ್ಟ. ಆಕಾರ ಬದಲಾದರೂ ಅಳತೆ ಬದಲಾಗದು ಎಂಬುದು ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ತಿಳಿಯುತ್ತದಂತೆ. ಇದು ಗೊತ್ತಿಲ್ಲದೆ, ‘ನಂಗೆ ಕಡಿಮೆ’ ಎಂದು ಜಗಳ ತೆಗೆದರೆ ಅವನಿಗೆ ಹಟಮಾರಿ ಎನ್ನುತ್ತಿದ್ದೆ ನೋಡು, ನಾಚಿಕೆಯಾಯಿತು. ಆಮೇಲೆ ದಿನಾ ಉದ್ದ ಲೋಟದಲ್ಲೇ ಕೊಟ್ಟೆ, ಜಗಳ ನಿಂತಿತು.

ಎರಡು ಮಾತು. ನಾನು ಓದಿದ್ದು ಇಂಗ್ಲಿಷಿನಲ್ಲಿ; ಮಾಧ್ಯಮ ಯಾವುದೆಂದು ನೋಡಿಯೇ ಶುಲ್ಕ ಕಟ್ಟು. ಇನ್ನು, ಸರ್ಕಾರಿ ನೌಕರಿಯ ಆಸೆಯೊಂದರಿಂದಲೇ ಸೇರುವುದಾದರೆ ಬೇಡ. ಓಣಿಯ ನಾಲ್ಕು ಮಕ್ಕಳನ್ನು ಸೇರಿಸಿ ಶಿಶುವಿಹಾರ ನಡೆಸುವ ಮನಸ್ಸಿದ್ದರೆ ಖಂಡಿತ ಸೇರು.